ಮೂರನೇ ಸಲ ಕೂಗಿದರೆ

ಮಾರ್ಚ್ 3, ಸೋಮವಾರ

ಅಂಗಡಿಯವರು ಕೊಡುತ್ತೇವೆಂದದ್ದು: ಕೌಂಟರಿಗೊಂದು ಸ್ಟೂಲ್. ಕೂತು ಉಣ್ಣಲು ಜಾಗ. ಮಾತ್ರೆ ನುಂಗಲು ಹೋದರೆ ಗದರುವುದಿಲ್ಲ ಎಂಬ ಮಾತು.

ಕೊಟ್ಟದ್ದು: ಏನೂ ಇಲ್ಲ. ದೀಪಾವಳಿ ಆಗಲಿ ಅಂದರು. ಸಂಕ್ರಾಂತಿ ಆಗಲಿ ಅಂದರು. ಈಗ ಯುಗಾದಿ ರಶ್ ಮುಗಿಯಲಿ ಅನ್ನುತ್ತಾರೆ.

ಆಸ್ಪತ್ರೆಯವರು ಹೇಳಿದ್ದು: ಮಿದುಳಲ್ಲಿ ತುಂಬಿದ ನೀರು ಶಂಟಿನ ಕೊಳವೆಯಲ್ಲಿ ಹೊಟ್ಟೆಗೆ ಇಳಿಯುತ್ತದೆ, ಆಮೇಲೆ ಎಲ್ಲರ ಹಾಗೆ ಇರಬಹುದು. ನೀರು ಇಳಿಯಿತು. ಫಿಟ್ಸ್ ಬಂತು. ಅದನ್ನು ಯಾರೂ ಹೇಳಿರಲಿಲ್ಲ.

ಇವತ್ತೂ ಬೆಳಿಗ್ಗೆಯಿಂದ ಸಂಜೆವರೆಗೆ ನಿಂತೆ. ಜಯನಗರದಲ್ಲಿ ಇಷ್ಟು ದೊಡ್ಡ ಸೀರೆ ಅಂಗಡಿ. ಗಿರಾಕಿಗೆ ಸೋಫಾ, ಜೊತೆಗೆ ಬಂದ ಗಂಡನಿಗೆ ಕುರ್ಚಿ, ಕಾಫಿ. ಸೀರೆ ಬಿಡಿಸಿ ತೋರಿಸುವವಳು ಗೋಡೆಗೆ ಒರಗುವಂತಿಲ್ಲ. ಕ್ಯಾಮೆರಾ ಇದೆ. ಕಿವಿಯ ಹಿಂದಿನ ಶಂಟಿನ ಗಂಟು ಕಾಣದ ಹಾಗೆ ತುರುಬು ಕಟ್ಟಿ, ನಗುತ್ತಾ ನಿಂತಿರಬೇಕು.

ನಾಳೆ ಗೇಟ್ ಮೀಟಿಂಗ್. ಶಟರ್ ಎತ್ತುವ ಮುಂಚೆ, ಅಂಗಡಿಯ ಬಾಗಿಲಲ್ಲೇ ಸಂಘದ ಸಭೆ. ಘೋಷಣೆ ಕೂಗುವುದು ನಾನು. ಸಂಘದ ಅಧ್ಯಕ್ಷೆ ಶಂಕ್ರವ್ವ, ಅಂಗಡಿಯಲ್ಲಿ ಕಸ ಗುಡಿಸುವವರು, ಬಾಗಲಕೋಟೆ ಕಡೆಯವರು — “ನಿನ್ನ ಧ್ವನಿ ಕೇಳಿದ್ರ ಬಸ್ ಸ್ಟಾಪಿನ ಮಂದೀನೂ ಕೈ ಎತ್ತತಾರವಾ” ಅಂದರು. ಹಿಗ್ಗಿದೆ. ಮೈಯಲ್ಲಿ ಗಟ್ಟಿ ಉಳಿದಿರುವುದು ಅದೊಂದೇ.

ಮಾರ್ಚ್ 7

ನಾಲಗೆ ಕಚ್ಚಿಕೊಂಡಿದ್ದೇನೆ. ಗಂಜಿಯೇ ಗತಿ.

ಗೇಟ್ ಮೀಟಿಂಗಿನ ದಿನದ ಶುರು ಮಾತ್ರ ನೆನಪಿದೆ. ಮಿಕ್ಕಿದ್ದೆಲ್ಲ ಶ್ರೀದೇವಿ ಹೇಳಿದ್ದು. ಪಕ್ಕದ ಕೌಂಟರಿನವಳು. ಆರು ತಿಂಗಳ ಬಸುರಿ.

ನಮ್ಮ ಪದ್ಧತಿ ಹೀಗೆ. ನಾನು “ಬೇಕೇ ಬೇಕು” ಅನ್ನಬೇಕು, ಅವರು “ನ್ಯಾಯ ಬೇಕು” ಅನ್ನಬೇಕು. ಎರಡು ಸಲ. ಆಮೇಲೆ ಬೇರೆ ಘೋಷಣೆ. ಅವತ್ತು ಮೂರನೇ ಸಲವೂ ಅಂದೆನಂತೆ. ಮತ್ತೆ ಅಂದೆನಂತೆ. ಬೇಕೇ ಬೇಕು, ಬೇಕೇ ಬೇಕು, ಬೇಕೇ ಬೇಕು... ನನಗೆ ಆವೇಶ ಬಂದಿದೆ ಅಂದುಕೊಂಡರು ಅವರು. ಇನ್ನೂ ಜೋರಾಗಿ ಉತ್ತರ ಕೊಟ್ಟರು. ಶಂಕ್ರವ್ವ ಸೆರಗು ಸೊಂಟಕ್ಕೆ ಸಿಗಿಸಿ ಎಲ್ಲರಿಗಿಂತ ಮೇಲೆ ಕೂಗಿದರು. ಕೂಗುತ್ತಿದ್ದದ್ದು ನಾನಲ್ಲ, ಫಿಟ್ಸ್. ಅಷ್ಟೂ ಹೆಂಗಸರು ಅದಕ್ಕೆ ದನಿಗೂಡಿಸಿದರು. ನನ್ನ ಕಣ್ಣು ಒಂದೇ ಕಡೆ ಸರಿದು ನಿಂತದ್ದು ಯಾರಿಗೂ ಕಾಣಲಿಲ್ಲ. ಬಿದ್ದ ಮೇಲೆ ಕಂಡಿತು.

ಕೈಗೆ ಕಬ್ಬಿಣ ಕೊಡಿ ಅಂದರಂತೆ ಯಾರೋ. ಮ್ಯಾನೇಜರ್ ಚಕ್ರಪಾಣಿ ಅಂಗಡಿಯ ಬೀಗದ ಕೈ ಗೊಂಚಲನ್ನೇ ತಂದು ನನ್ನ ಮುಷ್ಟಿಗೆ ತುರುಕಿದ. ಕಬ್ಬಿಣಕ್ಕೆ ಫಿಟ್ಸ್ ನಿಲ್ಲುತ್ತದೆಯೇ? ಅದು ತಾನಾಗಿ ನಿಂತಿತು. ಆದರೆ ಎಚ್ಚರ ಪೂರ್ತಿ ಬರುವ ತನಕ ಗೊಂಚಲು ಬಿಡಲಿಲ್ಲವಂತೆ ನಾನು, ಎದೆಗೆ ಒತ್ತಿಕೊಂಡು ಕೂತೆನಂತೆ. ಶಟರ್ ಎತ್ತಲಾಗಲಿಲ್ಲ. ಗಿರಾಕಿಗಳೆಲ್ಲ ಬಿಸಿಲಲ್ಲಿ.

“ನಮ್ಮ ಹೋರಾಟಕ್ಕೆ ಅಂಗಡಿ ಬಂದ್ ಆಗಿದ್ದು ಅದೊಂದೇ ಸಲ ಕಣೇ” ಅಂದಳು ಶ್ರೀದೇವಿ. ನಕ್ಕೆ. ನಾಲಗೆ ಉರಿಯಿತು.

ಮಾರ್ಚ್ 11

ಸ್ಕ್ಯಾನ್ ಆಯಿತು. ಶಂಟ್ ಸರಿಯಾಗಿದೆಯಂತೆ. ಫಿಟ್ಸ್ ಬಂದದ್ದು ಕೊಳವೆ ಹಾಕಿದಾಗ ಮಿದುಳಲ್ಲಿ ಉಳಿದ ಗಾಯದ ಕಲೆಯಿಂದ. ಮಾತ್ರೆ ಜಾಸ್ತಿ ಮಾಡಿದರು. ಹಸಿದುಕೊಂಡು, ನಿದ್ದೆಗೆಟ್ಟು ಕೆಲಸ ಮಾಡಬೇಡಿ, ಹೆಚ್ಚು ಹೊತ್ತು ನಿಲ್ಲಬೇಡಿ ಅಂದರು ಡಾಕ್ಟರು. ಸುಲಭವಾಗಿ ಅಂದುಬಿಟ್ಟರು.

ಅಮ್ಮನದು ಬೇರೆ ಲೆಕ್ಕ. ಕೂಗಿದ್ದಕ್ಕೇ ಬಂತು ಅನ್ನುತ್ತಾಳೆ. “ಬಾಯ್ ಮುಚ್ಕೊಂಡಿರು ಅರ್ಪಿತ. ನೀನು ಸುಮ್ನಿದ್ರೆ ಅದೂ ಸುಮ್ನಿರುತ್ತೆ.” ಅಲ್ಲ ಅಂತ ವಾದಿಸಲು ಹೋದೆ. ಬೇಕಾದ ಪದ ತಡವಾಗಿ ಬಂತು. ಅಷ್ಟರಲ್ಲಿ ಅಮ್ಮ ಒಳಗೆ ಹೋಗಿದ್ದಳು.

ಮಾರ್ಚ್ 17

ಕೆಲಸಕ್ಕೆ ಹೋದೆ. ಕೋಣನಕುಂಟೆಯಿಂದ ಅಮ್ಮ ಜೊತೆಗೆ ಬಂದು ಬಿಟ್ಟು ಹೋದಳು, ಸ್ಕೂಲಿಗೆ ಬಿಟ್ಟ ಹಾಗೆ.

ನನ್ನ ಕೌಂಟರಿನಲ್ಲಿ ಒಂದು ಸ್ಟೂಲ್. ಬೇರೆ ಎಲ್ಲೂ ಇಲ್ಲ. ಚಕ್ರಪಾಣಿ ಎಲ್ಲರಿಗೂ ಕೇಳುವ ಹಾಗೆ ಅಂದ: “ಕೂತ್ಕೋಮ್ಮ. ಕಾಯಿಲೆ ಹುಡುಗಿ ನೀನು. ನಾವೂ ಮನುಷ್ಯರೇ. ಮಿಕ್ಕವರೆಲ್ಲ ಗಟ್ಟಿಮುಟ್ಟಾಗಿದ್ದಾರಲ್ಲ, ಅವರಿಗ್ಯಾಕೆ?”

ಕೂತೆ.

ಮಾರ್ಚ್ 18

ಇವತ್ತೂ ಕೂತೆ. ಶಂಕ್ರವ್ವ ನನ್ನ ಕೌಂಟರಿನ ಮುಂದೆ ಗುಡಿಸುವಾಗ ತಲೆ ಎತ್ತಲಿಲ್ಲ.

ಮಾರ್ಚ್ 21

ಶ್ರೀದೇವಿಯ ಪಾದ ಊದಿ ಚಪ್ಪಲಿಯ ಪಟ್ಟಿ ಕಚ್ಚಿಕೊಂಡಿತ್ತು. ಸ್ವಲ್ಪ ಹೊತ್ತು ಕೂತುಕೋ ಎಂದು ಎದ್ದೆ. “ಬೇಡ ಕಣೇ. ನಿನ್ ಹೆಸರಲ್ಲಿ ಕೊಟ್ಟಿರೋದು. ನಾನು ಕೂತಿದ್ದು ಕ್ಯಾಮೆರಾದಲ್ಲಿ ಕಂಡ್ರೆ ನಿಂದೂ ಎತ್ಕೊಂಡ್ ಹೋಗ್ತಾರೆ.” ಕುಹಕವಿರಲಿಲ್ಲ ಅವಳ ಮಾತಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

ಹಕ್ಕು ಅಂತ ಕೇಳಿದೆವು. ಕನಿಕರ ಅಂತ ಎಸೆದ ಚಕ್ರಪಾಣಿ. ನಾನು ಹಿಡಿದುಕೊಂಡೆ. ಎಲ್ಲರಿಗೂ ಕೊಡಿ, ಇಲ್ಲ ಇದನ್ನೂ ಒಯ್ಯಿರಿ — ಮೊದಲ ದಿನವೇ ಅನ್ನಬೇಕಿತ್ತು. ಮಾತ್ರೆಯ ಮಂಪರು ನಿಜ, ಡಾಕ್ಟರು ನಿಲ್ಲಬೇಡಿ ಅಂದದ್ದು ನಿಜ. ಬಾಯಿ ಇತ್ತಲ್ಲ? ತೆರೆಯಲಿಲ್ಲ. ತೆರೆದರೆ ಮತ್ತೆ ಅದೇ ಕೂಗಿಬಿಟ್ಟರೆ ಎಂಬ ಭಯ. ನನ್ನ ಬಾಯಿಗೆ ನಾನೇ ಹೆದರಿದೆ. ಕಾಯಿಲೆ ನನ್ನೊಬ್ಬಳದು. ಕಾಲುನೋವು ಅವರೆಲ್ಲರದು. ಅದನ್ನು ಆ ಒಂದು ಸ್ಟೂಲಿನ ಕೆಳಗೆ ಮುಚ್ಚಿಟ್ಟ. ಮುಚ್ಚಳದ ಮೇಲೆ ಕೂತವಳು ನಾನು.

ಮಾರ್ಚ್ 24, ಸರದಿಯ ರಜೆ

ಶಂಕ್ರವ್ವ ಮನೆಗೆ ಬಂದರು. ಸ್ಟೂಲಿಗೆ ಬಯ್ಯಲು ಬಂದರು ಅಂದುಕೊಂಡೆ. ಚಾಪೆಯ ಮೇಲೆ ಕೂತು ಬಹಳ ಹೊತ್ತು ಕಾಲು ಒತ್ತಿಕೊಂಡರು.

“ನಾ ಉತ್ತರ ಕೊಟ್ಕೋತನ ಹೋದೆ ನೋಡು. ನೀ ಅಲ್ಲಿ ಸಾಯಾಕ ಹತ್ತಿದ್ದಿ, ನಾ ನ್ಯಾಯ ಬೇಕು ಅಂತಿದ್ದೆ.”

ಅದಕ್ಕೇ ಅವರು ತಲೆ ಎತ್ತದಿದ್ದದ್ದು.

ಮತ್ತೆ ಗೇಟ್ ಮೀಟಿಂಗ್ ಅಂದರು. ಘೋಷಣೆಗೆ ಬೇರೆಯವರನ್ನು ನೋಡಿ ಅಂದೆ ನಾನು.

“ನೀನ ಕೂಗು. ಎರಡು ಸಲಕ್ಕ ಉತ್ತರ ಕೊಡ್ತೀವಿ. ಮೂರನೇ ಸಲ ಅಂದಿ ಅಂದ್ರ ಯಾರೂ ಬಾಯಿ ತೆಗಿಯಂಗಿಲ್ಲ. ಬಂದು ಹಿಡ್ಕೋತೀವಿ.” ಎಲ್ಲರಿಗೂ ಆಗಲೇ ಕಲಿಸಿಬಿಟ್ಟಿದ್ದಾರೆ — ಮಗ್ಗುಲಿಗೆ ಮಲಗಿಸುವುದು, ಬಾಯಿಗೆ ಏನೂ ಹಾಕದಿರುವುದು.

ಬೀಗದ ಕೈ? ಅಂದೆ.

“ಅದನ್ನ ಬೇಕಾದ್ರ ಕೊಡ್ತೀವಿ. ಶಟರ್ ಬಂದ್ ಇರ್ತದ.”

ಅವರು ಹೊರಡುವಾಗ ನಾನೇ ಸ್ಟೂಲಿನ ಮಾತು ತೆಗೆದೆ. ಕುಂತಿದ್ದು ತಪ್ಪಲ್ಲ ಅಂದರು. “ಒಬ್ಬಾಕಿನ ಕುಂತಿದ್ದು...” ಅಷ್ಟಕ್ಕೇ ಚಪ್ಪಲಿ ಮೆಟ್ಟಿದರು.

ಮಾರ್ಚ್ 25, ಮಂಗಳವಾರ

ಶ್ರೀದೇವಿಯ ಭುಜ ಹಿಡಿದು ಕೂರಿಸಿದೆ. ಕ್ಯಾಮೆರಾದ ಎದುರಿಗೇ. ಮಧ್ಯಾಹ್ನ ಬಂದು ಸ್ಟೂಲ್ ಎತ್ತಿಕೊಂಡು ಹೋದರು. ಹೋಗಲಿ. ಒಂದು ವಾರದ ಹಿಂದೆಯೇ ಹೋಗಬೇಕಿತ್ತು ಅದು.

ಉಂಡೆ. ಮಾತ್ರೆ ನುಂಗಿದೆ. ಅಮ್ಮ ಕೇಳಿದಳು, ಮತ್ತೆ ಕೂಗ್ತೀಯಾ ಅಂತ. ಎರಡೇ ಸಲ ಅಂದೆ.

ಗುರುವಾರ, ಬೆಳಿಗ್ಗೆ ಒಂಬತ್ತೂವರೆ, ಶಟರ್ ಮುಂದೆ ಗೇಟ್ ಮೀಟಿಂಗ್. ಘೋಷಣೆ ಕೂಗುವುದು ನಾನು.