ಕೈ ಕಡಿದ ರಾಣಿ

ಡಿ. 3, ಮಂಗಳವಾರ. ಬೆಳಿಗ್ಗೆ 11

ರಬ್ಬರ್ ಶೀಟ್ ಒತ್ತಿ, ಬಿದಿರಿಗೆ ಒಣಹಾಕಿ ಈಗಷ್ಟೇ ಕೂತೆ. ರಿನು ನಿನ್ನೆ ಕುಣಿದುಕೊಂಡು ಬಂದಳು — ಸ್ಕೂಲ್ ಡೇ ನಾಟಕದಲ್ಲಿ ಅವಳೇ ರಾಣಿಯಂತೆ. ನಮ್ಮ ತೋಟವಿರುವ ರಾಣಿಗುಡ್ಡೆಯ ರಾಣಿ. ಕಳ್ಳರ ಕೈ ಕಡಿಸಿದವಳು. ಇಡೀ ಒಂಬತ್ತನೇ ಕ್ಲಾಸಿನಲ್ಲಿ ನನ್ನ ಮಗಳೇ ಯಾಕೆ? ಕೇರಳದಿಂದ ಬಂದವರ ಹುಡುಗಿಗೆ ಕೆಟ್ಟ ಪಾರ್ಟು... ನಾಟಕ ಮಾಡಿಸುವ ಚೆನ್ನಪ್ಪ ಮಾಷ್ಟ್ರ ಮೇಲೆ ಡೌಟು.

ಡಿ. 5, ಗುರುವಾರ

ಡೌಟು ತಪ್ಪು. ಪಾರ್ಟು ಮೊದಲು ಕೊಟ್ಟದ್ದು ಪ್ರೀತಿಕಾಗೆ. ರಿನುವಿನ ಜೀವದ ಗೆಳತಿ, ಆ ರಾಣಿಯದೇ ಮನೆತನ. ಅಂದಿನಿಂದ ಅವಳನ್ನು ಕಂಡರೆ ಹುಡುಗರು ಕೈ ಬೆನ್ನ ಹಿಂದೆ ಅಡಗಿಸುತ್ತಾರಂತೆ. ಊಟಕ್ಕೂ ಪಕ್ಕದಲ್ಲಿ ಕೂರುವುದಿಲ್ಲ. ಅವಳು ವಾರದಿಂದ ಸ್ಕೂಲಿಗೆ ಬಂದಿಲ್ಲ, ಟಿ.ಸಿ. ತೆಗೆಯುತ್ತಾರಂತೆ. ಸ್ಕೂಲಿಗೆ ಹೋಗಿ ಮಾಷ್ಟ್ರ ಹತ್ತಿರ ಜಗಳವಾಡಿದೆ.

"ರಾಣಿಯ ಕಥೆ ಸುಳ್ಳಲ್ಲ ಮಾರಾಯ್ರೆ, ಊರಿನ ಸ್ಮರಣ ಸಂಚಿಕೆಯಲ್ಲೇ ಉಂಟು. ಯೂಟ್ಯೂಬಲ್ಲಿಯೂ ಉಂಟು" ಎಂದರು ಮಾಷ್ಟ್ರು. ಸಂಚಿಕೆ ಹೊತ್ತು ತಂದೆ.

ಡಿ. 6, ಶುಕ್ರವಾರ

ಮೂರು ಸಲ ಓದಿದೆ. ರಾಣಿಯ ಪಟ್ಟೆಸೀರೆಗಳನ್ನು ಗುಡ್ಡೆಯ ತುದಿಯಲ್ಲಿ ಬಿದಿರಿಗೆ ಒಣಹಾಕಿದ್ದರಂತೆ. ಕದ್ದವರ ಕೈ ಕಡಿಸಿದಳಂತೆ. ಅಷ್ಟು ಮೇಲೆ ಯಾರು ಸೀರೆ ಹೊತ್ತರು? ಅಲ್ಲಿ ಹನಿ ನೀರಿಲ್ಲ. ಆ ಗುಡ್ಡೆಯಲ್ಲಿ ಬಿದಿರಿಗೆ ಒಣಹಾಕುವವರು ನಾವು ಮಾತ್ರ — ಶೀಟ್!

ಈ ಕಥೆ ನಮ್ಮ ಮನೆಯಿಂದಲೇ ಹೊರಟಿತೇ? ಅಪ್ಪಚ್ಚನ್‌ಗೆ, ಅಂದರೆ ಮಾವನಿಗೆ, ಮಲಯಾಳ ಮಾತ್ರ ಓದಲು ಬರುವುದು. ಅದಕ್ಕೇ ಈ ಡೈರಿ ಕನ್ನಡದಲ್ಲಿ. ಆದರೂ ಇವತ್ತು ಅಕ್ಕಿ ಡಬ್ಬದಲ್ಲಿ ಅಡಗಿಸಿಟ್ಟೆ.

ಡಿ. 11, ಬುಧವಾರ

ಇಷ್ಟು ದಿನ ಬರೆಯಲು ಧೈರ್ಯವಾಗಲಿಲ್ಲ. ನಮ್ಮಲ್ಲಿ ಹಿಂದೆ ರಬ್ಬರ್ ಹಾಲು ತೆಗೆಯುವ ಟ್ಯಾಪಿಂಗ್ ಕೆಲಸ ಮಾಡುತ್ತಿದ್ದ ಅಹ್ಮದ್ ಕುಂಞಿಯವರನ್ನು ಸವಣೂರಿಗೆ ಹೋಗಿ ಕೇಳಿದೆ. "ಆ ಕಥೆ ನಿಮ್ಮ ಮಾವನೇ ಕಟ್ಟಿದ್ದಲ್ವಾ! ಶೀಟ್ ಕಳ್ಳರು ಜೋರಿದ್ರು. ಕಾವಲಿಗೆ ನಾಯಿ ಸಾಕಿದ್ರೆ ಅನ್ನ ಹಾಕ್ಬೇಕು. ರಾಣಿಗೆ ಎಂತ ಹಾಕುದು?" ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ.

ಅಪ್ಪಚ್ಚನ್ ಅಲ್ಲಗಳೆಯಲೂ ಇಲ್ಲ. "ಗುಡ್ಡೆಯ ಹೆಸರು ಮೊದಲೇ ಇತ್ತು. ಕೈ ಕಡಿಯುದು ಮಾತ್ರ ನಾನು ಸೇರಿಸಿದ್ದು. ಮತ್ತೆ ಒಂದೂ ಶೀಟ್ ಹೋಗ್ಲಿಲ್ಲ." ಹೆಮ್ಮೆ ಬೇರೆ!

ಸ್ಕೂಲಿಗೆ ಬಂದು ಹೇಳಿ ಎಂದೆ. ಗಂಡ ಬಿನೋಯ್ ಹಾರಿಬಿದ್ದ. "ತಲೆ ಸರಿ ಉಂಟಾ ನಿಂಗೆ? ಹೊರಗಿನವರು ನಮ್ಮ ರಾಣಿಯ ಮಾನ ತೆಗೆದ್ರು ಅಂತ ವಾಟ್ಸಾಪಲ್ಲಿ ಬಂದ್ರೆ ಇಲ್ಲಿ ಬದುಕ್ಲಿಕ್ಕುಂಟಾ?" ಗಂಡನ ಮಾತು ಸುಳ್ಳಲ್ಲ. ನನಗೂ ಹೆದರಿಕೆ.

ಪ್ರೀತಿಕಾಳ ವಿಷಯ ಹೇಳಿದೆ. "ನಾವು ಬಂದ ವರ್ಷ ಅಕ್ಕಿ ಕೊಟ್ಟದ್ದು ಆ ಮನೆಯವರು" ಎಂದರು ಅಪ್ಪಚ್ಚನ್. ಬಿಳಿ ಅಂಗಿ ಇಸ್ತ್ರಿ ಮಾಡಿಡಲು ಹೇಳಿದರು.

ಡಿ. 13, ಶುಕ್ರವಾರ. ಸಂಜೆ 4

ಹೋಗಿ ಬಂದೆವು. ಸ್ಟಾಫ್ ರೂಮಿನಲ್ಲಿ ಪ್ರೀತಿಕಾ, ಅವಳ ಅಮ್ಮ. ಟಿ.ಸಿ. ಅರ್ಜಿ ಮೇಜಿನ ಮೇಲೆ. ಅಪ್ಪಚ್ಚನ್ ನಿಂತೇ ಹೇಳಿದರು, ಒಂದೂ ಬಿಡದೆ. ಚೆನ್ನಪ್ಪ ಮಾಷ್ಟ್ರು ನಕ್ಕುಬಿಟ್ಟರು.

"ಪ್ರಾಯ ಆಯ್ತಲ್ಲ ನಿಮಗೆ. ಯಾರೋ ಹೇಳಿದ್ದು ನಿಮ್ಮದೇ ಅಂತ ಆಗಿರ್ಬೇಕು. ನಮ್ಮ ಅಜ್ಜನೇ ಹೇಳ್ತಿದ್ದ ಕಥೆ ಇದು." ಮತ್ತೆ ನನ್ನ ಕಡೆ ಓರೆನೋಟ — "ಮಗಳಿಗೆ ಪಾರ್ಟು ಬೇಡದಿದ್ರೆ ನೇರ ಹೇಳ್ಬಹುದಿತ್ತು." ಅಯ್ಯೋ ದೇವರೇ. ಈಗ ಡೌಟು ನನ್ನ ಮೇಲೆ!

ನಂಬಿದ್ದು ಪ್ರೀತಿಕಾ ಒಬ್ಬಳೇ. ಎದ್ದು ಬಂದು ಅಪ್ಪಚ್ಚನ್ ಎದುರು ನಿಂತಳು. ಮುಖ ಅರಳಿತ್ತು.

"ಕೈ ಕಡಿಲಿಲ್ಲ ಅಂತಾದ್ರೆ, ಆ ರಾಣಿ ನಿಜಕ್ಕೂ ಎಂತ ಮಾಡಿದ್ರು ಅಜ್ಜಾ?"

ಅಪ್ಪಚ್ಚನ್ ನನ್ನನ್ನು ನೋಡಿದರು. ನಾನು ಮಾಷ್ಟ್ರನ್ನು. ಮಾಷ್ಟ್ರು ಅವಳ ಅಮ್ಮನನ್ನು. ಅವರು ತಲೆ ತಗ್ಗಿಸಿದರು. ಹುಡುಗಿ ಕಾಯುತ್ತಲೇ ಇದ್ದಳು. ನಾವು ನಾಲ್ಕು ಜನ ದೊಡ್ಡವರು, ಕೈ ಕಡಿದ ಕಥೆ ಬಿಟ್ಟರೆ ರಾಣಿಯ ಬಗ್ಗೆ ಒಬ್ಬರಿಗೂ ಏನೂ ಗೊತ್ತಿಲ್ಲ.