ಗುಲಾಬಿ ಬುಡದ ಡಬ್ಬಿ

ನಾರ್ಫೋಕ್, ಭಾನುವಾರ

ಪ್ರಿಯ ಬ್ರೈಯನಿ,

ನಮ್ಮ ಅತ್ತೆಯ ಕಾಲದ ಉಂಗುರ ಸಿಕ್ಕಿದೆ. ನೀನು ಮಾರಿಕೊಂಡೆ ಎಂದು ನಿನ್ನನ್ನು ಮನೆಯಿಂದ ಹೊರಗೆ ಹಾಕಿದೆವಲ್ಲ, ಅದೇ.

ಲೋಹ ಹುಡುಕುವ ಯಂತ್ರ ಹಿಡಿದು ನಮ್ಮ ಹೊಲದಲ್ಲಿ ರೋಮನ್ ನಾಣ್ಯ ಅರಸುವ ಪೆಕ್, ನನ್ನನ್ನು ಕೇಳದೆ ಹಿತ್ತಲಿಗೂ ಬಂದಿದ್ದ. ನನ್ನ ಗುಲಾಬಿ ಗಿಡದ ಬುಡದಲ್ಲಿ ಯಂತ್ರ ಕೂಗಿತಂತೆ. ಅಗೆದರೆ ಸಾಸಿವೆಪುಡಿಯ ಹಳೆಯ ಡಬ್ಬಿ, ಅದರೊಳಗೆ ಉಂಗುರ.

"ಮಣ್ಣಲ್ಲಿ ಬಿದ್ದದ್ದು ತಾನಾಗೇ ಆಳಕ್ಕೆ ಇಳಿಯುತ್ತಲ್ಲಪ್ಪ" ಎಂದೆ.

"ಇಳಿಯುತ್ತೆ ಅಮ್ಮಾವ್ರೇ. ಆದ್ರೆ ಡಬ್ಬೀಲಿ ಕೂತು, ಮುಚ್ಚಳ ಹಾಕ್ಕೊಂಡು ಇಳಿದಿದ್ದನ್ನ ಇದೇ ಮೊದಲು ನೋಡ್ತಿರೋದು" ಎಂದ. ಕೊಟ್ಟ ಚಹಾ ಮುಟ್ಟದೆ ಹೋದ. ಅಂಥವರನ್ನು ಇನ್ನು ಹೊಲಕ್ಕೆ ಬಿಡುವುದಿಲ್ಲ.

ಇದನ್ನೆಲ್ಲ ನನ್ನ ಮಗನಿಗೆ ಬರೆಯಬೇಡ. ನಿನ್ನನ್ನು ಮರೆಯಲು ಅವನು ಬಹಳ ಕಷ್ಟಪಟ್ಟಿದ್ದಾನೆ. ಮುಂದಿನ ತಿಂಗಳು ಲೋರ್ನಾ ಜೊತೆ ಅವನ ಮದುವೆ.

ಕೆಲಸದ ಮಾತಿಗೆ ಬರುತ್ತೇನೆ. ಉಂಗುರ ಲೋರ್ನಾಳ ಬೆರಳಿಗೆ ಬಿಗಿಯಾಗಿದೆ. ನಿನ್ನ ಕಡ್ಡಿಯಂಥ ಬೆರಳಿಗೆಂದು ಅದನ್ನು ಸಣ್ಣದು ಮಾಡಿದ ಅಕ್ಕಸಾಲಿಗನ ವಿಳಾಸ ಕಳಿಸು. ಆಗ ಕತ್ತರಿಸಿ ತೆಗೆದ ಚಿನ್ನದ ಚೂರು ನಿನ್ನ ಬಳಿಯೇ ಉಳಿದಿರಬೇಕು. ಅದು ಈ ಮನೆಯದು, ಅದನ್ನೂ ಕಳಿಸು. ಕದ್ದವಳು ಎಂಬ ಮಾತು ಮತ್ತೆ ಬರುವುದು ಬೇಡ.

ನಿನ್ನ ಮೇಲೆ ಇಂದಿಗೂ ದ್ವೇಷವಿಲ್ಲದ,
ಈನಿಡ್ ಥರ್ಲೋ