ಕಸಬರಿಗೆ ಕಡ್ಡಿಯ ಅಳತೆ

ಅಪ್ಪಾ,

ನೀನು ಇಲ್ಲದ ಮೊದಲ ಜೂನ್ ಇದು. ಶಾಲೆ ಶುರುವಾಯಿತೆಂದು ನಿನ್ನ ಮೊಮ್ಮಗಳು ಶ್ರಾವಣಿಗೆ ಬೂಟು ಕೊಡಿಸಲು ಇವತ್ತು ಖಾನಾಪುರದಿಂದ ಬೆಳಗಾವಿಗೆ ಹೋಗಿದ್ದೆವು. ಬೇಕೆಂದೇ ಸಂಜೆ ಹೋದೆವು. ದಿನವಿಡೀ ಓಡಾಡಿದ ಕಾಲು ಸಂಜೆಗೆ ತುಸು ಉಬ್ಬಿರುತ್ತದೆ. ಆಗ ಹಿಡಿಸಿದ ಬೂಟು ಮುಂದೆ ಕಚ್ಚುವುದಿಲ್ಲ.

ನೀನು ನನ್ನನ್ನು ಅಂಗಡಿಗೆ ಕರೆದೊಯ್ಯುತ್ತಿರಲಿಲ್ಲ. ನಾನು ಮಲಗಿದ್ದಾಗ ಕಸಬರಿಗೆ ಕಡ್ಡಿಯಿಂದ ಪಾದ ಅಳೆದು, ಅಷ್ಟಕ್ಕೇ ಮುರಿದು, ಅದನ್ನು ಜೇಬಿನಲ್ಲಿಟ್ಟುಕೊಂಡು ನೀನೊಬ್ಬನೇ ಬೆಳಗಾವಿಯ ರವಿವಾರ ಪೇಟೆಗೆ ಹೋಗುತ್ತಿದ್ದೆ. ನಮ್ಮ ಓಣಿಯಲ್ಲಿ ಬೇರೆ ಯಾವ ಹುಡುಗಿಗೂ ಪ್ರತಿ ವರ್ಷ ಹೊಸ ಬೂಟು ಬರುತ್ತಿರಲಿಲ್ಲ. "ಬರೋಬ್ಬರಿ ಆದುವೇನವಾ?" ಎಂದು ನೀನು ಕೇಳುತ್ತಿದ್ದೆ. ನಿನ್ನ ಮುಖ ನೋಡಿ ನಾನು "ಹೂಂ" ಎನ್ನುತ್ತಿದ್ದೆ.

ಅಂಗಡಿಯವರು ಶ್ರಾವಣಿಗೂ ಅದನ್ನೇ ಕೇಳಿದರು. "ಕುಂತು ಹೇಳಬ್ಯಾಡವಾ, ಎದ್ದು ನಿಂದ್ರು. ನಿಂತಾಗ ಕಾಲು ಉದ್ದ ಆಗ್ತಾವ," ಎಂದರು.

ನಿಂತಳು. "ಹೆಬ್ಬೆರಳಿಗೆ ಒತ್ತತಾವ್ರಿ. ದೊಡ್ಡವು ಕೊಡ್ರಿ," ಎಂದಳು. ಇನ್ನೊಂದು ಜೋಡಿ ತಂದರೆ ಅದನ್ನೂ ಬೇಡವೆಂದಳು. ಆಮೇಲೆ ತಂದದ್ದನ್ನು ಹಾಕಿಕೊಂಡು ಅಂಗಡಿ ತುಂಬ ನಡೆದು ನೋಡಿ ಒಪ್ಪಿದಳು. ಎರಡನೆಯ ಇಯತ್ತೆಯ ಹುಡುಗಿ, ಅಪ್ಪಾ, ಅಷ್ಟು ಜನರ ನಡುವೆ ಒಂದಿಷ್ಟೂ ಅಂಜದೆ. ಇವಳು ನನ್ನ ಮಗಳು ಎಂದು ಎಲ್ಲರಿಗೂ ಹೇಳಬೇಕೆನಿಸಿತು.

ವಾಪಸ್ ಬರುವಾಗ ರೈಲಿನಲ್ಲಿ, ದೇಸೂರ ದಾಟಿದ ಮೇಲೆ, ಬೂಟು ಬಿಚ್ಚಿ ತನ್ನ ಪಾದವನ್ನು ನನ್ನ ಪಾದದ ಪಕ್ಕಕ್ಕಿಟ್ಟು ನೋಡಿದಳು.

"ಅವ್ವಾ, ನಿನ್ನ ಬೆರಳು ಯಾಕ ಹಿಂಗ ಮಡಚ್ಯಾವ?"

"ಹುಟ್ಟಿದಾಗಿಂದ ಹಂಗ ಅದಾವ," ಎಂದೆ.

ನಿನ್ನ ಪ್ರಮಿಳಾ